ವಸತಿ ಶಾಲೆಯ ಪಟ್ಟಿಯಲ್ಲಿ ಹೆಸರು ಬಾರದಿದ್ದರೆ

ಐದನೇ ತರಗತಿ ಮುಗಿಸಿದ ಮಗು ಇರುವ ಮನೆಗಳಲ್ಲಿ ಬೇಸಿಗೆ ಈಗ ರಜೆಯಾಗಿ ಉಳಿದಿಲ್ಲ. ನವೋದಯದ ಪಟ್ಟಿ ಬಂತೇ, ಮೊರಾರ್ಜಿಯ ಎರಡನೇ ಸುತ್ತು ಯಾವಾಗ, ಸೈನಿಕ ಶಾಲೆಯದು ಏನಾಯಿತು ಎಂದು ವಿಚಾರಿಸುವುದರಲ್ಲೇ ದಿನಗಳು ಹೋಗುತ್ತವೆ. ಸಾವಳಗಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಈ ಆಸೆಗೆ ಗಟ್ಟಿ ಕಾರಣಗಳಿವೆ. ಮನೆ ತೋಟದ ವಸ್ತಿಯಲ್ಲಿದ್ದರೆ ಐದನೇ ತರಗತಿಯ ನಂತರದ ಶಾಲೆ ದೂರ. ಮಗ್ಗದ ಮನೆಯಲ್ಲಿ ಸದ್ದಿಲ್ಲದ ಮೂಲೆ ಸಿಗುವುದಿಲ್ಲ. ದುಡಿಯಲು ಊರು ಬಿಡುವ ಅಪ್ಪ ಅವ್ವ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಬೇಕು. 2019ರಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ಹೊಳೆಸಾಲಿನ ಎಷ್ಟೋ ಮಕ್ಕಳ ಓದು ವಾರಗಟ್ಟಲೆ ನಿಂತಿತ್ತು. ಇಂಥ ಮನೆಗೆ ವಸತಿ ಶಾಲೆಯ ಸೀಟು ಎಂದರೆ ಊಟ, ಹಾಸಿಗೆ, ಪುಸ್ತಕ, ಹೊತ್ತಿಗೆ ಸರಿಯಾದ ಪಾಠ ಎಲ್ಲವೂ ಒಟ್ಟಿಗೆ ಬಂದಂತೆ.

ಆದ್ದರಿಂದಲೇ ಪಟ್ಟಿಯಲ್ಲಿ ಹೆಸರು ಬಾರದಿದ್ದರೆ ಮನೆಯೇ ಕುಸಿದಂತಾಗುತ್ತದೆ. ಈ ಲೇಖನ ಅಂಥ ಮನೆಯ ಹಿರಿಯರಿಗಾಗಿ. ನಾನು ಒತ್ತಿ ಹೇಳಬೇಕೆಂದಿರುವುದು ಒಂದೇ ವಿಷಯ: ಸೀಟಿಗಾಗಿ ಕಾಯುವ ಕೆಲಸ ದೊಡ್ಡವರದು, ಆರನೇ ತರಗತಿಯ ಓದು ಮಗುವಿನದು. ಮಗುವಿನ ಓದು ಸೀಟಿನ ದಾರಿ ಕಾಯುತ್ತ ನಿಲ್ಲಬಾರದು.

ನಮ್ಮ ಭಾಗದವರು ಸಾಮಾನ್ಯವಾಗಿ ಪ್ರಯತ್ನಿಸುವ ಬಾಗಿಲುಗಳು ನಾಲ್ಕು. 1963ರಲ್ಲಿ ಆರಂಭವಾದ ವಿಜಯಪುರದ ಸೈನಿಕ ಶಾಲೆ. ಹೆಣ್ಣುಮಕ್ಕಳಿಗೆ ಕಿತ್ತೂರಿನ ರಾಣಿ ಚನ್ನಮ್ಮ ವಸತಿ ಸೈನಿಕ ಶಾಲೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಹೊತ್ತಿನಲ್ಲಿ ಹುಟ್ಟಿ ಜಿಲ್ಲೆಗೊಂದರಂತೆ ಬೆಳೆದ ನವೋದಯ. ಕೊನೆಯದು, 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘ, ಅಂದರೆ ಎಲ್ಲರೂ 'ಕ್ರೈಸ್' ಎನ್ನುವ ಸಂಸ್ಥೆ, ನಡೆಸುವ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ, ಡಾ. ಅಂಬೇಡ್ಕರ್ ಮುಂತಾದ ಹೆಸರಿನ ಶಾಲೆಗಳು. ರಾಜ್ಯದಲ್ಲಿ ಇಂಥವು 800ಕ್ಕೂ ಹೆಚ್ಚಿವೆ. ನಾಲ್ಕಕ್ಕೂ ಬೇರೆ ಬೇರೆ ಪರೀಕ್ಷೆ, ಬೇರೆ ಬೇರೆ ಪಟ್ಟಿ.

ಪಟ್ಟಿ ಸರಿಯುವುದು ಹೇಗೆ

ಮೊದಲು ಸೀಟಿನ ಲೆಕ್ಕ ನೋಡಿ. ನವೋದಯದ ಆರನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳು, ಅದೂ ಇಡೀ ಜಿಲ್ಲೆಗೆ. ಕ್ರೈಸ್‌ನ ಒಂದು ಶಾಲೆಯಲ್ಲಿ ಸಾಮಾನ್ಯವಾಗಿ ತರಗತಿಗೆ 50. ನವೋದಯದ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ. ಒಂದೊಂದು ಪ್ರಶ್ನೆಗೆ 1.25 ಅಂಕ. ಜಿಲ್ಲೆಯ ಚುರುಕು ಮಕ್ಕಳೆಲ್ಲ ಒಂದೇ ಕಡೆ ಸೇರುವ ಪರೀಕ್ಷೆಯಲ್ಲಿ ಒಳಗೆ ಹೋದ ಮಗುವಿಗೂ ಹೊರಗೆ ಉಳಿದ ಮಗುವಿಗೂ ನಡುವೆ ಒಂದೆರಡು ಪ್ರಶ್ನೆಯ ಅಂತರವಷ್ಟೇ ಇರಬಹುದು. ಎರಡು ಗಂಟೆಯ ಆ ಬೆಳಿಗ್ಗೆ ಮಗುವಿಗೆ ಶೀತವಿತ್ತೋ, ಓಎಂಆರ್ ಹಾಳೆಯಲ್ಲಿ ಒಂದು ಸಾಲು ಕೆಳಗೆ ಗುರುತು ಹಾಕಿತೋ, ಅದೂ ಫಲಿತಾಂಶದಲ್ಲಿ ಸೇರಿಹೋಗಿರುತ್ತದೆ.

ಇನ್ನೊಂದು ಸಂಗತಿಯನ್ನು ಬಹಳ ಮನೆಗಳು ತಿಳಿದಿರುವುದಿಲ್ಲ. ಸರತಿ ಒಂದೇ ಅಲ್ಲ, ಹಲವು. ನವೋದಯದಲ್ಲಿ ಕನಿಷ್ಠ ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ, ಅದರೊಳಗೆ ಮತ್ತೆ ವರ್ಗವಾರು ಮೀಸಲು. ಸೈನಿಕ ಶಾಲೆಯಲ್ಲಿ ಶೇ 67 ಸೀಟು ರಾಜ್ಯದ ಮಕ್ಕಳಿಗೆ, ಉಳಿದವು ಹೊರರಾಜ್ಯದವರಿಗೆ. ಅದರಲ್ಲಿ ಜಾತಿವಾರು ಮೀಸಲಿನ ಜೊತೆ ಸೈನಿಕರ ಮಕ್ಕಳ ಪಾಲೂ ಇದೆ. ಆದ್ದರಿಂದ "ನಮ್ಮ ಹುಡುಗಗ 12ನೇ ವೇಟಿಂಗ್ ಐತಿ" ಎಂದರೆ ಅದು ನಿಮ್ಮ ವರ್ಗದ ಸರತಿಯಲ್ಲಿ 12. ಬೇರೆ ವರ್ಗದ ಸರತಿಯಲ್ಲಿ ನಾಲ್ಕು ಸೀಟು ಖಾಲಿಯಾದರೂ ನಿಮ್ಮದು ಒಂದು ಹೆಜ್ಜೆ ಸರಿಯದಿರಬಹುದು. ಕಡಿಮೆ ಅಂಕದ ಪಕ್ಕದ ಮನೆಯ ಮಗುವಿಗೆ ಸೀಟು ಬಂದರೆ ಅದಕ್ಕೂ ಕಾರಣ ಇದೇ. ಆ ಮಗು ಯಾರ ಸೀಟನ್ನೂ ಕಿತ್ತುಕೊಂಡಿಲ್ಲ, ತನ್ನ ಸರತಿಯಲ್ಲಿ ಮುಂದೆ ಇತ್ತು ಅಷ್ಟೆ. ಇದನ್ನು ಮನೆಯಲ್ಲಿ ಜಾತಿಯ ಮಾತಾಗಿ ಆಡಬೇಡಿ. ಹನ್ನೊಂದು ವರ್ಷದ ಮಗು ಅಂದು ಕೇಳಿದ್ದನ್ನು ಜೀವನಪೂರ್ತಿ ಹೊತ್ತು ತಿರುಗುತ್ತದೆ.

ಹಾಗಾದರೆ ಸೀಟು ಖಾಲಿಯಾಗುವುದು ಯಾವಾಗ? ಒಂದೇ ಚುರುಕು ಮಗು ಮೂರು ಪರೀಕ್ಷೆ ಬರೆದು ಮೂರರಲ್ಲೂ ಆಯ್ಕೆಯಾಗುತ್ತದೆ. ಒಂದಕ್ಕೆ ಹೋದರೆ ಎರಡು ಸೀಟು ಬಿಡುವಾಗುತ್ತವೆ. ದಾಖಲೆ ಪರಿಶೀಲನೆಯಲ್ಲಿ ಕೆಲವರು ಬೀಳುತ್ತಾರೆ. ಸೈನಿಕ ಶಾಲೆಯಲ್ಲಿ ವೈದ್ಯಕೀಯ ಪರೀಕ್ಷೆಯಲ್ಲೂ ಕೆಲವರು ಉಳಿದುಬಿಡುತ್ತಾರೆ. ನಿಗದಿತ ದಿನದೊಳಗೆ ಹಾಜರಾಗದವರು ಸೀಟು ಕಳೆದುಕೊಳ್ಳುತ್ತಾರೆ. ಹೋದ ಮಕ್ಕಳಲ್ಲಿ ಕೆಲವರು ಮೊದಲ ವಾರಗಳಲ್ಲಿ ಮನೆಯ ನೆನಪು ತಾಳಲಾರದೆ ವಾಪಸು ಬರುತ್ತಾರೆ. ಇವೆಲ್ಲ ಬೇರೆಯವರ ಮನೆಯ ನಿರ್ಧಾರಗಳು. ನಿಮ್ಮ ಮಗು ಇನ್ನೇನು ಓದಿದರೂ ಈ ಸರತಿ ಬೇಗ ಸರಿಯುವುದಿಲ್ಲ. ನಿಮ್ಮ ಕೈಯಲ್ಲಿರುವುದು, ಕರೆ ಬಂದ ದಿನ ಸಿದ್ಧರಿರುವುದು.

ವೇಟಿಂಗ್ ಲಿಸ್ಟಿನಲ್ಲಿದ್ದರೆ: ದೊಡ್ಡವರ ಕೆಲಸ

1. ಒಂದು ನೋಟ್‌ಬುಕ್ ಇಡಿ. ಶಾಲೆಗೊಂದು ಪುಟ. ಅರ್ಜಿ ಸಂಖ್ಯೆ, ಪಾಸ್‌ವರ್ಡ್, ನೋಂದಾಯಿಸಿದ ಮೊಬೈಲ್ ಸಂಖ್ಯೆ, ಸರತಿಯ ಸ್ಥಾನ, ಮುಂದಿನ ಸುತ್ತಿನ ದಿನಾಂಕ ಎಲ್ಲ ಅದರಲ್ಲಿರಲಿ. ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿಸಿದ್ದರೆ ಈ ವಿವರ ಅಲ್ಲಿಯ ಕಂಪ್ಯೂಟರಿನಲ್ಲಷ್ಟೇ ಉಳಿದಿರುವುದುಂಟು. ಇಂದೇ ಹೋಗಿ ಬರೆದುಕೊಂಡು ಬನ್ನಿ.

2. ಅರ್ಜಿಯಲ್ಲಿರುವ ಮೊಬೈಲ್ ಸಂಖ್ಯೆ ಯಾರದು ಎಂದು ನೋಡಿ. ಕೋಚಿಂಗ್ ಸರ್ ಸಂಖ್ಯೆ ಇದೆಯೋ, ರೀಚಾರ್ಜ್ ಮಾಡಿಸದೆ ಬಂದ್ ಆದ ಸಿಮ್ ಇದೆಯೋ? ಸಂದೇಶ ಅಲ್ಲಿಗೆ ಹೋಗುತ್ತದೆ, ನಿಮಗೆ ಬರುವುದಿಲ್ಲ. ಆ ಸಿಮ್ ಚಾಲೂ ಮಾಡಿಸಿ. ಸಂದೇಶ ಬರಲಿ ಬಿಡಲಿ, ವಾರಕ್ಕೆ ಎರಡು ಸಲ ಜಾಲತಾಣದಲ್ಲಿ ನೀವೇ ನೋಡಿ.

3. ಕ್ರೈಸ್ ಶಾಲೆಗಳ ಪ್ರವೇಶ ಪರೀಕ್ಷೆಯನ್ನು ಈಚಿನ ವರ್ಷಗಳಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅಂಕ, ಮೀಸಲು ಮತ್ತು ನೀವು ಕೊಟ್ಟ ಶಾಲೆಗಳ ಆದ್ಯತಾಕ್ರಮ ಮೂರನ್ನೂ ಸೇರಿಸಿ ಸುತ್ತು ಸುತ್ತಾಗಿ ಹಂಚಿಕೆ ಆಗುತ್ತದೆ. ಮೊದಲ ಸುತ್ತಿನಲ್ಲಿ ಬಾರದವರಿಗೆ ಮುಂದಿನ ಸುತ್ತುಗಳಲ್ಲಿ ಬಂದಿರುವುದು ಸಾಮಾನ್ಯ. ಒಂದು ಸುತ್ತಿನಲ್ಲಿ ಬಂದ ಸೀಟಿಗೆ ಕೊನೆಯ ದಿನದೊಳಗೆ ಹಾಜರಾಗದಿದ್ದರೆ ಅದು ಹೋಯಿತೆಂದೇ ತಿಳಿಯಿರಿ. ಪರೀಕ್ಷೆಯ ಕೀ ಉತ್ತರ ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು ಕೆಲವು ದಿನ ಕೊಡುತ್ತಾರೆ. ನಿಜವಾಗಿಯೂ ತಪ್ಪು ಕಂಡರೆ ಶಾಲೆಯ ಶಿಕ್ಷಕರಿಗೆ ತೋರಿಸಿ, ಪಠ್ಯಪುಸ್ತಕದ ಪುಟದ ಆಧಾರ ಸಮೇತ ಸಲ್ಲಿಸಿ.

4. ದಾಖಲೆಗಳ ಒಂದು ಫೈಲು ಸಿದ್ಧವಿರಲಿ: ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಜನನ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ, ಹಾಲ್ ಟಿಕೆಟ್, ಫೋಟೊ. ಪ್ರತಿಯೊಂದಕ್ಕೂ ಮೂರು ಝೆರಾಕ್ಸ್. ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮತ್ತು ಹುಟ್ಟಿದ ದಿನ ಶಾಲೆಯ ಸ್ಯಾಟ್ಸ್ ದಾಖಲೆಯಲ್ಲೂ ಆಧಾರ್‌ನಲ್ಲೂ ಒಂದೇ ಇವೆಯೇ ಎಂದು ಅಕ್ಷರ ಅಕ್ಷರ ಹೋಲಿಸಿ. ನಮ್ಮ ಕಡೆ ಅಡ್ಡಹೆಸರು ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರುವುದು ಬಹಳ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಕರೆ ಬರುವ ಮುಂಚೆಯೇ ನಾಡಕಚೇರಿಗೆ ಅರ್ಜಿ ಹಾಕಿ. ಕರೆ ಬಂದ ಮೇಲೆ ಸಿಗುವುದು ಕೆಲವೇ ದಿನ.

5. ಶಾಲೆಗೆ ಒಮ್ಮೆ ಹೋಗಿ, ಪ್ರಾಂಶುಪಾಲರನ್ನು ಅಥವಾ ಕಚೇರಿಯವರನ್ನು ಕಂಡು ಎರಡೇ ಪ್ರಶ್ನೆ ಕೇಳಿ: ಮುಂದಿನ ಪಟ್ಟಿ ಯಾವಾಗ? ಅದನ್ನು ಎಲ್ಲಿ ಪ್ರಕಟಿಸುತ್ತೀರಿ? ಸ್ಥಾನ ಬದಲಿಸುವುದು ಅವರ ಕೈಯಲ್ಲಿಲ್ಲ, ದಿನಾಂಕ ಹೇಳುವುದು ಇದೆ. ದಿನಾ ಫೋನ್ ಮಾಡಿದರೆ ಅವರ ಕೆಲಸ ಕೆಡುತ್ತದೆ, ನಿಮ್ಮ ನೆಮ್ಮದಿಯೂ ಕೆಡುತ್ತದೆ. ಖಾಸಗಿ ಅಥವಾ ಮಠದ ಶಾಲೆಯಾದರೆ ಮಾತು ಬೇರೆ. ಅಲ್ಲಿ ಒಂದು ಪುಟದ ವಿನಂತಿ ಪತ್ರ ಬರೆದು, ಮನೆಯ ಪರಿಸ್ಥಿತಿಯನ್ನು ಇದ್ದದ್ದು ಇದ್ದಂತೆ ತಿಳಿಸಿದರೆ ಪ್ರಯೋಜನವಾಗಬಹುದು.

6. ಮಗುವನ್ನು ಊರ ಶಾಲೆಯ ಆರನೇ ತರಗತಿಗೆ ಮೊದಲ ದಿನವೇ ಕಳಿಸಿ. ಏಳನೇ ತರಗತಿವರೆಗಿನ ಶಾಲೆಯಲ್ಲಿ ಓದುತ್ತಿದ್ದರೆ ಬೇರೇನೂ ಮಾಡಬೇಕಿಲ್ಲ, ಅಲ್ಲೇ ಮುಂದುವರಿಯುತ್ತದೆ. ತೋಟದ ಶಾಲೆ ಐದಕ್ಕೇ ಮುಗಿದರೆ ಹತ್ತಿರದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದಾಖಲು ಮಾಡಿಸಿ. ಮುಂದೆ ಸೀಟು ಬಂದರೆ ವರ್ಗಾವಣೆ ಪತ್ರ ಕೊಡುತ್ತಾರೆ. "ಈಗ ಹಚ್ಚಿದರ ಆಮ್ಯಾಲೆ ಟಿಸಿ ಕೊಡಂಗಿಲ್ಲ" ಎಂಬ ಭಯದಿಂದ ಜೂನ್, ಜುಲೈ ಎರಡು ತಿಂಗಳು ಮನೆಯಲ್ಲಿ ಕೂರಿಸುವುದು ಮಗುವಿಗೆ ಮಾಡುವ ದೊಡ್ಡ ನಷ್ಟ.

ಪಟ್ಟಿ ಬಂದ ಸಂಜೆ

ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಕಾಗದದ ಕೆಲಸ ಯಾರಾದರೂ ಕಲಿಸಬಲ್ಲರು. ಈ ಸಂಜೆಗೆ ಯಾರೂ ನಮ್ಮನ್ನು ಸಿದ್ಧಗೊಳಿಸಿರುವುದಿಲ್ಲ.

ಕೋಚಿಂಗ್‌ಗೆ ಹೋದ ಮಗು ಒಂದು ವರ್ಷ ಆಟ ಬಿಟ್ಟಿರುತ್ತದೆ. ಜಾತ್ರೆಗೆ ಹೋಗಿರುವುದಿಲ್ಲ. ಫೀ ಕಟ್ಟಲು ಅಪ್ಪ ಸಾಲ ಮಾಡಿದ್ದು ಅದಕ್ಕೆ ಗೊತ್ತಿರುತ್ತದೆ. ಬೀಗರು, ನೆರೆಯವರು, ಕಿರಾಣಿ ಅಂಗಡಿಯವರು ಎಲ್ಲರೂ "ಏನಾತು ರಿಸಲ್ಟ್?" ಎಂದು ಕೇಳುತ್ತಿರುತ್ತಾರೆ. ಹೀಗಿರುವಾಗ ಮಗುವಿಗೆ ಸೀಟು ಹೋದದ್ದಕ್ಕಿಂತ ಮನೆಯವರ ಮುಖ ಬಾಡಿದ್ದೇ ಹೆಚ್ಚು ನೋಯಿಸುತ್ತದೆ. ಅದು ತನ್ನಿಂದ ಆದದ್ದು ಎಂದುಕೊಳ್ಳುತ್ತದೆ. ಈ ವಯಸ್ಸಿನ ಮಕ್ಕಳಿಗೆ 'ನನಗೆ ಸೀಟು ಬರಲಿಲ್ಲ' ಎಂಬುದನ್ನೂ 'ನಾನು ದಡ್ಡ' ಎಂಬುದನ್ನೂ ಬೇರ್ಪಡಿಸಿ ನೋಡುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಬೇರ್ಪಡಿಸಿ ಕೊಡಬೇಕಾದವರು ನಾವು.

ಆದ್ದರಿಂದ ಫಲಿತಾಂಶವನ್ನು ಮೊದಲು ದೊಡ್ಡವರು ನೋಡಿ. ಸೈಬರ್ ಅಂಗಡಿಯಲ್ಲಿ ಹತ್ತು ಜನರ ನಡುವೆ ಮಗುವಿನಿಂದಲೇ ನೋಡಿಸಬೇಡಿ. ನಿಮ್ಮ ದುಃಖವನ್ನು ಮೊದಲು ನೀವಿಬ್ಬರೇ ಮಾತಾಡಿ ಹಗುರ ಮಾಡಿಕೊಳ್ಳಿ. ಆಮೇಲೆ ಮನೆಗೆ ಬಂದು, ಊಟಕ್ಕೆ ಮುಂಚೆ, ಪಕ್ಕದಲ್ಲಿ ಕೂರಿಸಿಕೊಂಡು ನೇರವಾಗಿ ಹೇಳಿ. "ತಮ್ಮಾ, ಈ ಸಲ ಲಿಸ್ಟಿನ್ಯಾಗ ನಿನ್ನ ಹೆಸರು ಬಂದಿಲ್ಲ. ಸೀಟು ಭಾಳ ಕಡಿಮಿ ಅದಾವು. ನೀ ಓದಿದ್ದು ನಾವು ಕಣ್ಣಾರೆ ನೋಡೀವಿ." ಇಷ್ಟು ಸಾಕು. ಸುಳ್ಳು ಬೇಡ. "ಲಿಸ್ಟ್ ಇನ್ನೂ ಬಂದಿಲ್ಲ" ಎಂದು ಮುಚ್ಚಿಟ್ಟರೆ ಮರುದಿನ ಶಾಲೆಯ ಮೈದಾನದಲ್ಲಿ ಬೇರೆ ಮಗುವಿನ ಬಾಯಿಂದ ಗೊತ್ತಾಗುತ್ತದೆ.

ಅತ್ತರೆ ಅಳಲಿ. ಅಳು ನಿಲ್ಲಿಸಲು ಸೈಕಲ್, ಮೊಬೈಲ್ ಆಸೆ ತೋರಿಸಬೇಡಿ. ಸುಮ್ಮನಿದ್ದರೆ ಒತ್ತಾಯಿಸಿ ಮಾತಾಡಿಸಬೇಡಿ. ಆಡು ಹಿಡಿದುಕೊಂಡು ಹೊಲಕ್ಕೆ ಹೋಗುವುದಕ್ಕೋ, ಅಜ್ಜಿಯ ಜೊತೆ ರೊಟ್ಟಿ ತಟ್ಟುವುದಕ್ಕೋ ಜೊತೆಗೆ ಕರೆಯಿರಿ. ಕೈಗೆ ಕೆಲಸ ಸಿಕ್ಕಾಗ ಮಕ್ಕಳು ತಾವಾಗಿಯೇ ಮಾತಿಗೆ ಬರುತ್ತಾರೆ.

ಈ ಮೂರು ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರದಿರಲಿ: ಖರ್ಚಾದ ಹಣದ ಲೆಕ್ಕ, ಆಯ್ಕೆಯಾದ ಮಗುವಿನ ಹೆಸರು, "ಇನ್ನ ದನಾ ಕಾಯಾಕ ಹೋಗು" ಎಂಬ ಮಾತು. ಮೂರನೆಯದನ್ನು ದೊಡ್ಡವರು ಬಾಯಿಮಾತಿಗೆ ಅಂದುಬಿಡುತ್ತಾರೆ, ಮಗು ಅದನ್ನು ನಿಜವೆಂದೇ ತೆಗೆದುಕೊಳ್ಳುತ್ತದೆ. ಬಂದ ನೆಂಟರು ಕೇಳಿದರೆ ಉತ್ತರ ಕೊಡುವ ಕೆಲಸವೂ ನಿಮ್ಮದೇ. "ಊರ ಸಾಲಿಗೆ ಹೊಂಟಾನ್ರಿ, ಚಲೋ ಓದ್ತಾನ" ಎಂದು ಮಗುವಿನ ಮುಂದೆ ಒಂದು ಸಾಲು ಹೇಳಿ, ಮಾತು ಬದಲಿಸಿ.

ಒಂದೇ ಮನೆಯ ಇಬ್ಬರಲ್ಲಿ, ಅಥವಾ ಅಣ್ಣತಮ್ಮಂದಿರ ಮಕ್ಕಳಲ್ಲಿ, ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿದ್ದರೆ ಸಿಹಿ ಹಂಚುವುದನ್ನು ಎರಡು ದಿನ ಮುಂದಕ್ಕೆ ಹಾಕಿ. ಸೀಟು ಬಂದ ಮಗುವಿನ ಸಂತೋಷವನ್ನು ಹತ್ತಿಕ್ಕಬೇಕಾಗಿಲ್ಲ. ಬಾರದ ಮಗುವಿಗೂ ಅದರಲ್ಲಿ ಭಾಗಿಯಾಗಲು ಸ್ವಲ್ಪ ಸಮಯ ಬೇಕು.

ಕೆಲವು ವಾರ ಕಳೆದರೂ ಮಗು ಸರಿಯಾಗಿ ಉಣ್ಣದೆ, ನಿದ್ದೆ ಮಾಡದೆ, ಗೆಳೆಯರಿಂದ ದೂರ ಉಳಿದರೆ, ಅಥವಾ 'ನಾನಿದ್ದು ಏನು ಮಾಡಬೇಕು' ಎಂಬಂಥ ಮಾತಾಡಿದರೆ ತಡ ಮಾಡಬೇಡಿ. ಅಂಥ ಮಾತು ಒಂದೇ ಸಲ ಬಂದರೂ ವಾರ ಎಣಿಸುತ್ತ ಕೂರಬಾರದು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098.

ಊರ ಶಾಲೆಯಲ್ಲಿದ್ದುಕೊಂಡೇ ತೆರೆಯುವ ಬಾಗಿಲುಗಳು

ಮೊದಲ ಒಂದು ತಿಂಗಳು ಪ್ರವೇಶ ಪರೀಕ್ಷೆಯ ಪುಸ್ತಕಗಳನ್ನು ಕಟ್ಟಿ ಅಟ್ಟದ ಮೇಲಿಡಿ. ಆಮೇಲೆ ಮಗುವಿನ ಶಿಕ್ಷಕರ ಜೊತೆ ಕುಳಿತು ಮುಂದಿನ ಮೂರು ವರ್ಷದ ದಾರಿ ನೋಡಿ. ಆ ದಾರಿಯಲ್ಲಿ ಏನೇನಿದೆ ಎಂಬುದು ಬಹಳ ಪಾಲಕರಿಗೆ ಗೊತ್ತೇ ಇಲ್ಲ.

ಎಂಟನೇ ತರಗತಿಯಲ್ಲಿ ಎನ್‌ಎಂಎಂಎಸ್ ಎಂಬ ಪರೀಕ್ಷೆ ಇದೆ. ಗೆದ್ದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಪಾಲಕರ ವಾರ್ಷಿಕ ಆದಾಯ 3.5 ಲಕ್ಷ ಮೀರಿರಬಾರದು. ಇದು ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ; ನವೋದಯ, ಸೈನಿಕ ಶಾಲೆ, ಸರ್ಕಾರಿ ವಸತಿ ಶಾಲೆಗಳ ಮಕ್ಕಳಿಗೆ ಅವಕಾಶವಿಲ್ಲ. ಅಂದರೆ ವಸತಿ ಶಾಲೆಯ ಸೀಟು ಬಾರದ ನಿಮ್ಮ ಮಗುವಿಗೆ ಈ ಬಾಗಿಲು ತೆರೆದಿದೆ. ಇದರ ಅರ್ಧದಷ್ಟು ಪ್ರಶ್ನೆಗಳು ಬೌದ್ಧಿಕ ಸಾಮರ್ಥ್ಯದವು. ಐದನೇ ತರಗತಿಯ ಕೋಚಿಂಗ್‌ನಲ್ಲಿ ಮಗು ಕಲಿತ ಆಕೃತಿ, ಸರಣಿಗಳ ಅಭ್ಯಾಸ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಹಾಕಿದ ಶ್ರಮ ಹಾಳಾಗಿಲ್ಲ ಎಂದು ಮಗುವಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ನವೋದಯದಲ್ಲಿ ಒಂಬತ್ತನೇ ತರಗತಿಗೆ ಖಾಲಿ ಸೀಟು ತುಂಬಲು ಮತ್ತೊಂದು ಪರೀಕ್ಷೆ ನಡೆಯುತ್ತದೆ. ಎಂಟನೇ ತರಗತಿಯನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು. ಗಣಿತಕ್ಕೆ 35, ವಿಜ್ಞಾನಕ್ಕೆ 35, ಇಂಗ್ಲಿಷ್‌ಗೆ 15, ಹಿಂದಿಗೆ 15 ಅಂಕ. ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಕೊನೆಯ ಎರಡರಲ್ಲಿ, ಆದ್ದರಿಂದ ಆರನೇ ತರಗತಿಯಿಂದಲೇ ದಿನಕ್ಕೆ ಒಂದು ಪುಟ ಹಿಂದಿ, ಒಂದು ಪುಟ ಇಂಗ್ಲಿಷ್ ಗಟ್ಟಿಯಾಗಿ ಓದುವ ರೂಢಿ ಮಾಡಿಸಿ. ಸೈನಿಕ ಶಾಲೆಗೂ ಒಂಬತ್ತಕ್ಕೆ ಪ್ರವೇಶವಿದೆ. 400 ಅಂಕಗಳಲ್ಲಿ 200 ಗಣಿತದ್ದೇ. ಎರಡರಲ್ಲೂ ಖಾಲಿ ಇದ್ದಷ್ಟೇ ಸೀಟು ಎಂಬುದು ನೆನಪಿರಲಿ. ಕ್ರೈಸ್ ಶಾಲೆಗಳಲ್ಲೂ ಮೇಲಿನ ತರಗತಿಗಳಲ್ಲಿ ಸೀಟು ಖಾಲಿಯಾದಾಗ ಕೆಲವೊಮ್ಮೆ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಶಾಲೆ ಶುರುವಾಗುವ ತಿಂಗಳುಗಳಲ್ಲಿ ಕಣ್ಣಿಡಿ.

ನಿಮಗೆ ಬೇಕಾಗಿದ್ದದ್ದು ಮುಖ್ಯವಾಗಿ ಇರಲು ಜಾಗ, ಊಟ ಎಂದಾದರೆ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳನ್ನು ವಿಚಾರಿಸಿ. ಅಲ್ಲಿದ್ದು ಹತ್ತಿರದ ಶಾಲೆಗೆ ಹೋಗಬಹುದು. ಶಾಲೆ ಬಿಟ್ಟ ಅಥವಾ ಬಿಡುವ ಸ್ಥಿತಿಯಲ್ಲಿರುವ ಹೆಣ್ಣುಮಕ್ಕಳಿಗೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳಿವೆ. ಅನಾಥ ಮಕ್ಕಳು, ಮಾಜಿ ದೇವದಾಸಿಯರ ಮಕ್ಕಳು ಮುಂತಾದ ವಿಶೇಷ ವರ್ಗಕ್ಕೆ ಕ್ರೈಸ್ ಶಾಲೆಗಳಲ್ಲಿ ಪ್ರತ್ಯೇಕ ಅವಕಾಶವಿದೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಅರ್ಹರಾದ ಮಕ್ಕಳಿದ್ದೂ ಮನೆಯವರು ಸಂಕೋಚದಿಂದ ಕೇಳದೇ ಉಳಿಯುತ್ತಾರೆ. ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಯಲ್ಲಿ ಆ ವರ್ಷದ ಸುತ್ತೋಲೆ ಕೇಳಿ ನೋಡಿ. ಇದು ಮಗುವಿನ ಹಕ್ಕು.

ದೂರ ಕಳಿಸುವ ಧೈರ್ಯವಿದ್ದರೆ ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆ ಪ್ರವೇಶ ಪರೀಕ್ಷೆಯಿಂದ ಆಯ್ದ ಮಕ್ಕಳಿಗೆ ಉಚಿತ ವಸತಿ, ಶಿಕ್ಷಣ ಕೊಡುತ್ತದೆ. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹದಲ್ಲಿ ಸಾವಿರಾರು ಮಕ್ಕಳು ಓದುತ್ತಿದ್ದಾರೆ.

ಹನ್ನೊಂದನೇ ವಯಸ್ಸಿಗೇ ಊರು ಬಿಡದಿದ್ದರೆ ಮುಂದೆ ದಾರಿಯೇ ಇಲ್ಲ ಎಂಬ ಮಾತು ಕೋಚಿಂಗ್ ಬೋರ್ಡುಗಳಿಂದ ಹರಡಿದ್ದು. ಇದೇ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಿ.ಡಿ. ಜತ್ತಿಯವರು ಕೊಲ್ಲಾಪುರಕ್ಕೆ ಹೋದದ್ದು ಕಾಲೇಜು ಓದಲು, ಕಾನೂನು ಕಲಿಯಲು. ಮುಖ್ಯಮಂತ್ರಿ, ಉಪರಾಷ್ಟ್ರಪತಿ ಆಗಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದರು. ದೊಡ್ಡವರಾಗಿ ಊರು ಬಿಟ್ಟರೂ ನಡೆಯುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಐದನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸುವುದು. ನವೋದಯದ ಆರನೇ ತರಗತಿಯ ಪರೀಕ್ಷೆಯನ್ನು ಮಗು ಒಮ್ಮೆ ಮಾತ್ರ ಬರೆಯಬಹುದು. ಎರಡನೇ ಸಲ ಬರೆದದ್ದು ಗೊತ್ತಾದರೆ ಅರ್ಹತೆ ರದ್ದು. ಸೈನಿಕ ಶಾಲೆಯಲ್ಲಿ ಮುಖ್ಯವಾಗುವುದು ವಯಸ್ಸು. ಆರನೇ ತರಗತಿಗೆ ಸೇರುವ ವರ್ಷದ ಮಾರ್ಚ್ 31ಕ್ಕೆ 10ರಿಂದ 12 ವರ್ಷದೊಳಗಿರಬೇಕು. ವಯಸ್ಸಿದ್ದರೂ ಅದಕ್ಕಾಗಿ ಮಗುವಿನ ಒಂದು ವರ್ಷವನ್ನು ಬಲಿ ಕೊಡುವುದು ನನ್ನ ಮಟ್ಟಿಗೆ ಒಪ್ಪುವ ಮಾತಲ್ಲ. ಗೆಳೆಯರೆಲ್ಲ ಆರಕ್ಕೆ ಹೋದ ಮೇಲೆ ಚಿಕ್ಕವರ ಜೊತೆ ಕೂತ ಮಗುವಿಗೆ ಸೋಲು ದಿನಾ ನೆನಪಾಗುತ್ತದೆ.

ನವೋದಯಕ್ಕಾಗಿ ಊರ ಶಾಲೆ ಬಿಡಿಸಿ ಪಟ್ಟಣಕ್ಕೆ ಹಾಕುವುದು. ಗ್ರಾಮೀಣ ಕೋಟಾ ಸಿಗಬೇಕಾದರೆ ಮೂರು, ನಾಲ್ಕು, ಐದನೇ ತರಗತಿ ಪೂರ್ತಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ ಮಗುವನ್ನು ನಗರದ ಅಭ್ಯರ್ಥಿ ಎಂದೇ ಎಣಿಸುತ್ತಾರೆ. ಐದನೇ ತರಗತಿಗೆಂದು ಜಮಖಂಡಿ ಪಟ್ಟಣದ ಶಾಲೆಗೆ ಹಾಕಿದವರು ಮುಕ್ಕಾಲು ಪಾಲು ಸೀಟುಗಳ ಸರತಿಯಿಂದಲೇ ಮಗುವನ್ನು ಹೊರಗಿಟ್ಟಂತಾಯಿತು. ಇನ್ನೊಂದು ಗುಂಡಿ ಜಿಲ್ಲೆಯ ಗಡಿ. ಸಾವಳಗಿ ಭಾಗದವರು ಹತ್ತಿರವೆಂದು ವಿಜಯಪುರ ಜಿಲ್ಲೆಯ ಶಾಲೆಗೆ ಹಾಕುವುದುಂಟು. ನವೋದಯದ ನಿಯಮದಲ್ಲಿ ಮಗು ವಾಸಿಸುವ ಜಿಲ್ಲೆಯೂ ಐದನೇ ತರಗತಿ ಓದುವ ಜಿಲ್ಲೆಯೂ ಒಂದೇ ಇರಬೇಕು. ಮನೆ ಬಾಗಲಕೋಟೆ ಜಿಲ್ಲೆಯಲ್ಲಿ, ಶಾಲೆ ವಿಜಯಪುರದಲ್ಲಿ ಎಂದರೆ ಎರಡೂ ಕಡೆ ತೊಡಕು. ಮನೆಯಲ್ಲಿ ಎರಡು, ಮೂರನೇ ತರಗತಿಯ ಮಗು ಇದ್ದರೆ ಇದನ್ನು ಈಗಲೇ ಗಮನಿಸಿ.

ಕ್ರೈಸ್ ಅರ್ಜಿಯಲ್ಲಿ ಒಂದೇ ಶಾಲೆಯನ್ನು ಬರೆಯುವುದು. ಊರ ಹತ್ತಿರದ್ದೇ ಬೇಕು ಎಂದು ಒಂದನ್ನೇ ತುಂಬಿದವರಿಗೆ, ಅದೇ ಅಂಕಕ್ಕೆ ಮುಂದಿನ ತಾಲ್ಲೂಕಿನಲ್ಲಿ ಸಿಗಬಹುದಾಗಿದ್ದ ಸೀಟು ಸಿಗುವುದಿಲ್ಲ. ಹೋಗಲು ಒಪ್ಪುವ ಶಾಲೆಗಳನ್ನೆಲ್ಲ ಬರೆಯಿರಿ, ಒಪ್ಪದ್ದನ್ನು ಬರೆಯಬೇಡಿ.

ಸೋಲಿಗೆ ಉತ್ತರವೆಂದು ಮರುವಾರವೇ ಇನ್ನೊಂದು ದುಬಾರಿ ಕೋಚಿಂಗ್‌ಗೆ ಸೇರಿಸುವುದೂ ತಪ್ಪೇ. ಮಗುವಿಗೆ ಎಲ್ಲಿ ತಪ್ಪಿತು ಎಂದು ಶಾಲೆಯ ಶಿಕ್ಷಕರಿಗೆ ಒಂದು ದಿನದಲ್ಲಿ ಗೊತ್ತಾಗುತ್ತದೆ. ಭಿನ್ನರಾಶಿ ಬರುವುದಿಲ್ಲವೋ, ಓದುವ ವೇಗ ಸಾಲದೋ, ಅದನ್ನು ಸರಿಪಡಿಸಲು ಸಂಜೆಯ ಅರ್ಧ ಗಂಟೆ ಸಾಕು.

ಎಚ್ಚರಿಕೆ

ವೇಟಿಂಗ್ ಲಿಸ್ಟ್ ಪ್ರಕಟವಾದ ವಾರದಲ್ಲೇ "ಸೀಟು ಮಾಡಿಸಿ ಕೊಡತೇನಿ, ಅರ್ಧ ಈಗ ಕೊಡ್ರಿ, ಅರ್ಧ ಆಮ್ಯಾಲೆ" ಎನ್ನುವವರು ಹುಟ್ಟಿಕೊಳ್ಳುತ್ತಾರೆ. ಇವರ ಲೆಕ್ಕ ಸರಳ. ಹತ್ತು ಮನೆಯಿಂದ ಹಣ ಪಡೆಯುತ್ತಾರೆ. ಸರತಿ ತಾನಾಗಿಯೇ ಸರಿದು ಮೂವರಿಗೆ ಸೀಟು ಬಂದರೆ ತಾವು ಮಾಡಿಸಿದ್ದು ಎನ್ನುತ್ತಾರೆ, ಉಳಿದ ಏಳು ಮನೆಯವರನ್ನು ತಿಂಗಳುಗಟ್ಟಲೆ ಅಲೆಸುತ್ತಾರೆ. ಯಾರಿಗೂ ಹಣ ಕೊಡಬೇಡಿ. ಮೂಲ ಪ್ರಮಾಣಪತ್ರಗಳನ್ನು, ಮೊಬೈಲಿಗೆ ಬಂದ ಓಟಿಪಿಯನ್ನು ಕೊಡಬೇಡಿ. ಸುಳ್ಳು ವಾಸಸ್ಥಳ ಅಥವಾ ಸುಳ್ಳು ವ್ಯಾಸಂಗ ಪತ್ರ ಮಾಡಿಸಿಕೊಡುವ ಮಾತಿಗೂ ಒಪ್ಪಬೇಡಿ. ಸೇರಿದ ಮೇಲೆ ಬಯಲಾದರೆ ಮಗು ನಡುವರ್ಷದಲ್ಲಿ ಹೊರಬೀಳುತ್ತದೆ.

ತಡವಾಗಿ ಕರೆ ಬಂದರೆ

ಆಗಸ್ಟ್ ಹೊತ್ತಿಗೆ, ಮಗು ಊರ ಶಾಲೆಗೆ ಹೊಂದಿಕೊಂಡ ಮೇಲೆ, ಸೀಟು ಬಂದಿದೆ ಎಂದು ಫೋನ್ ಬರುವುದುಂಟು. ಆಗ ಸಂಭ್ರಮದಲ್ಲಿ ಅಂದೇ ಪೆಟ್ಟಿಗೆ ಕಟ್ಟಬೇಡಿ. ಹಾಜರಾಗುವ ಕೊನೆಯ ದಿನ ಯಾವುದೆಂದು ಕೇಳಿ ಬರೆದುಕೊಳ್ಳಿ. ಒಂದು ದಿನ ಬಿಡುವಿದ್ದರೆ ಮಗುವನ್ನು ಕರೆದುಕೊಂಡು ಹೋಗಿ ಶಾಲೆ, ಮಲಗುವ ಕೋಣೆ, ಶೌಚಾಲಯ, ಊಟದ ಮನೆ ತೋರಿಸಿ. ಎರಡು ತಿಂಗಳ ಪಾಠ ಮುಂದೆ ಹೋಗಿರುತ್ತದೆ. ಅದನ್ನು ತುಂಬಿಕೊಳ್ಳಲು ಏನು ವ್ಯವಸ್ಥೆ ಎಂದು ಶಿಕ್ಷಕರನ್ನು ಕೇಳಿ. ಪಾಠ ಇಂಗ್ಲಿಷ್ ಮಾಧ್ಯಮದಲ್ಲಾದರೆ ಕನ್ನಡ ಶಾಲೆಯಿಂದ ಹೋಗುವ ಮಗುವಿಗೆ ಮೊದಲ ತಿಂಗಳುಗಳು ಕಷ್ಟ ಎಂಬುದನ್ನು ಮುಚ್ಚಿಡದೆ ಹೇಳಿ. ಆಮೇಲೆ ಮಗುವಿನ ಮನಸ್ಸು ಕೇಳಿ, ಅದರ ಉತ್ತರಕ್ಕೆ ನಿಜವಾದ ತೂಕ ಕೊಡಿ.

ಹೋಗುವುದಾದರೆ ಊರ ಶಾಲೆಯ ಶಿಕ್ಷಕರಿಗೆ ತಿಳಿಸಿ, ಟಿಸಿಗೆ ಬರೆದುಕೊಟ್ಟು, ಕೊನೆಯ ದಿನಕ್ಕೆ ಮುಂಚೆಯೇ ಹಾಜರಾಗಿ. ಬೇಡವೆಂದು ತೀರ್ಮಾನಿಸಿದರೆ ಅಂದೇ ವಸತಿ ಶಾಲೆಗೆ ಫೋನ್ ಮಾಡಿ, ಸೀಟು ಬೇಡವೆಂದು ಬರೆದೂ ಕೊಡಿ. ಕೊನೆಯ ದಿನದವರೆಗೆ ಸುಮ್ಮನಿದ್ದುಬಿಟ್ಟರೆ ನಿಮ್ಮ ಹಿಂದೆ ಸರತಿಯಲ್ಲಿರುವ ಮಗುವಿಗೆ ಅಷ್ಟು ದಿನದ ಪಾಠ ತಪ್ಪುತ್ತದೆ.